ದೊಡ್ಡಪ್ಪನ ದಿರಹಂ ಲೆಕ್ಕ

ದೊಡ್ಡಪ್ಪ 1981ರಲ್ಲಿ ದುಬೈಗೆ ಹೋದರು, 1994ರಲ್ಲಿ ವಾಪಸ್ ಬಂದರು. ಅಷ್ಟೂ ವರ್ಷ ಅವರು ಕಳಿಸಿದ ದುಡ್ಡು ಬರುತ್ತಿದ್ದದ್ದು ಮುಂಬೈಗೆ, ಸಾಕಿನಾಕಾದ ನಮ್ಮ ಚಾಳಿಗೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಡ್ರಾಫ್ಟ್. ಕುಂದಾಪುರದ ಮನೆ ಎದ್ದದ್ದು, ಅತ್ತೆಯ ಮದುವೆ, ನನ್ನ ಓದು, ಎಲ್ಲ ಅದರಲ್ಲೇ. ಅವರು ತೀರಿಕೊಂಡ ಮೇಲೆ ಮನೆಯ ಪಾಲಿನ ಮಾತು ಬಂತು. "ಅವನೇನು ಅಷ್ಟೊಂದು ಕಳಿಸಿದ್ನಾ?" ಎಂದು ಯಾರೋ ಕೇಳಿದರು. ದೊಡ್ಡಮ್ಮ ಏನೂ ಹೇಳಲಿಲ್ಲ. ಒಳಗಿನಿಂದ ಒಂದು ಬಿಸ್ಕೆಟ್ ಡಬ್ಬ ತಂದು ನನ್ನ ಮುಂದಿಟ್ಟರು.

ಡಬ್ಬದಲ್ಲಿ ಒಂದು ನೋಟ್‌ಬುಕ್, ಒಂದಿಷ್ಟು ಬ್ಯಾಂಕ್ ಸ್ಲಿಪ್. ನೋಟ್‌ಬುಕ್ಕಿನಲ್ಲಿ ತಾರೀಕು ಇದೆ, ದಿರಹಂ ಇದೆ, ರೂಪಾಯಿ ಇಲ್ಲ. ನಾನು ಮುಂಬೈಯ ಫೋರ್ಟ್‌ನಲ್ಲಿ ಅಕೌಂಟ್ಸ್ ಕೆಲಸ ಮಾಡುವವನು. ವಿದೇಶಿ ಬಿಲ್‌ಗಳನ್ನು ರೂಪಾಯಿಗೆ ತಿರುಗಿಸುವುದು ನನಗೆ ದಿನದ ಕೆಲಸ. ಈ ಲೆಕ್ಕ ನಾನೇ ಮಾಡಬೇಕು ಅನ್ನಿಸಿತು.

ಮೊದಲು ತೆಗೆದದ್ದು ರಿಸರ್ವ್ ಬ್ಯಾಂಕಿನ ವಾರ್ಷಿಕ ಪಟ್ಟಿ. ಅದರಲ್ಲಿ ಡಾಲರ್, ಪೌಂಡ್, ಯೆನ್ ಸಿಗುತ್ತವೆ, ದಿರಹಂ ಸಿಗುವುದಿಲ್ಲ. ಆದರೆ 1980ರ ಕೊನೆಯಿಂದ ದಿರಹಂ ಡಾಲರಿಗೆ ಕಟ್ಟಿಕೊಂಡೇ ಇದೆ. ಒಂದು ಡಾಲರಿಗೆ 3.67 ದಿರಹಂ ಅಂತ ಇಟ್ಟುಕೊಂಡರೆ ಸಾಕು. ಡಾಲರಿನ ದರವನ್ನು ಅದರಿಂದ ಭಾಗಿಸಿದರೆ ದಿರಹಂ ದರ ಬಂತು. 1980-81ರಲ್ಲಿ ಡಾಲರಿನ ಸರಾಸರಿ 7.91 ರೂಪಾಯಿ, ಅಂದರೆ ದಿರಹಂಗೆ 2.15ರ ಹತ್ತಿರ. 1990-91ರಲ್ಲಿ 17.94, ಅಂದರೆ 4.89. ದೊಡ್ಡಪ್ಪನಿಗಿಂತ ಒಂದು ತಲೆಮಾರು ಮೊದಲು ಹೋದವರಿಗೆ ಈ ಭಾಗಾಕಾರವೇ ಬೇಕಿರಲಿಲ್ಲ. ಆಗ ದುಬೈಯಲ್ಲಿ ನಡೆಯುತ್ತಿದ್ದದ್ದು ನಮ್ಮದೇ ರೂಪಾಯಿ. 1959ರಿಂದ ರಿಸರ್ವ್ ಬ್ಯಾಂಕ್ ಆ ಕಡೆಗೆ ಅಂತಲೇ ಬೇರೆ ಬಣ್ಣದ ಗಲ್ಫ್ ರೂಪಾಯಿ ನೋಟು ಹಾಕಿತ್ತು, ಅದೂ ಒಂದಕ್ಕೆ ಒಂದು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿ ಡಾಲರ್ 4.76ರಿಂದ 7.50ಕ್ಕೆ ಹೋದ ಮೇಲೆ ದುಬೈ ಅದನ್ನು ಬಿಟ್ಟಿತು.

ಸರಾಸರಿ ಹಿಡಿದು ಒಂದು ಭಾನುವಾರದಲ್ಲಿ ಲೆಕ್ಕ ಮುಗಿಸಿದೆ. ಆಮೇಲೆ ಇದ್ದ ಸ್ಲಿಪ್‌ಗಳ ಜೊತೆ ತಾಳೆ ನೋಡಿದೆ. ಎಂಬತ್ತರ ದಶಕದ್ದು ಹೆಚ್ಚುಕಡಿಮೆ ಕೂಡಿತು. 1991, 1992 ಮಾತ್ರ ಕೂಡಲೇ ಇಲ್ಲ.

1991ರ ಎರಡು ಸ್ಲಿಪ್ ಇದ್ದವು. ಎರಡೂ 2,000 ದಿರಹಂ. ಜೂನ್‌ನದಕ್ಕೆ ಹನ್ನೊಂದು ಸಾವಿರದ ಚಿಲ್ಲರೆ, ಜುಲೈ ಎರಡನೇ ವಾರದ್ದಕ್ಕೆ ಹದಿನಾಲ್ಕು ಸಾವಿರದ ಹತ್ತಿರ. ನಡುವೆ ಮೂರು ವಾರವೂ ಇಲ್ಲ. ಜುಲೈ 1 ಮತ್ತು 3ರಂದು ಸರ್ಕಾರ ಎರಡು ಏಟಿಗೆ ರೂಪಾಯಿ ಇಳಿಸಿತಲ್ವಾ, ಡಾಲರ್ 21ರಿಂದ 26ರ ಹತ್ತಿರ ಹೋಯಿತು. ಆ ವರ್ಷದ ಸರಾಸರಿ 24.47. ಆ ದರದಲ್ಲಿ ಎರಡಕ್ಕೂ ಹದಿಮೂರು ಸಾವಿರದ ಮೇಲೆ ಬರುತ್ತದೆ. ಜೂನ್ ತಿಂಗಳಿಗೆ ಅದು ಜಾಸ್ತಿ, ಜುಲೈಗೆ ಕಡಿಮೆ. ಎರಡೂ ಸುಳ್ಳು. ಇಂಥ ವರ್ಷಕ್ಕೆ ಆಯಾ ದಿನದ ದರವೇ ಬೇಕು.

ಅದಕ್ಕೆ ಹಳೆಯ ಬ್ಯಾಂಕ್ ದರದ ಹಾಳೆಗಳನ್ನು ಹುಡುಕಿದೆ. 1991ರ ಜೂನ್‌ನ ಒಂದು ಹಾಳೆಯಲ್ಲಿ ಡಾಲರಿನ ಎದುರು 4.76 ಅಂತ ಇತ್ತು. ಇದೇನು, 1966ಕ್ಕೆ ಮೊದಲಿನ ದರ ಇಲ್ಲಿಗೆ ಹೇಗೆ ಬಂತು? ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತೆ. ಆಮೇಲೆ ನೆನಪಾಯಿತು. 1993ರ ಆಗಸ್ಟ್‌ವರೆಗೆ ನಮ್ಮ ಬ್ಯಾಂಕುಗಳು ದರ ಹೇಳುತ್ತಿದ್ದದ್ದು ಉಲ್ಟಾ. ನೂರು ರೂಪಾಯಿಗೆ ಎಷ್ಟು ಡಾಲರ್ ಅಂತ. ನೂರನ್ನು 4.76ರಿಂದ ಭಾಗಿಸಿದರೆ 21. ಅಂಕಿ ಅದೇ, ಅರ್ಥ ಬೇರೆ. ಹಳೆಯ ದರ ಹುಡುಕುವವರು ಮೊದಲು ಇದನ್ನು ನೋಡಿಕೊಳ್ಳಿ, ಇಲ್ಲದಿದ್ದರೆ ಇಡೀ ಪುಟ ತಪ್ಪುತ್ತದೆ.

1992 ಇನ್ನೊಂದು ಥರ. ಅದೇ 2,000 ದಿರಹಂಗೆ ಹದಿನೈದು ಸಾವಿರದ ಮುನ್ನೂರು ಚಿಲ್ಲರೆ ಬಂದಿತ್ತು. ಅಧಿಕೃತ ದರ ಸುಮಾರು 26, ಅದಕ್ಕೆ ಹದಿನಾಲ್ಕು ಸಾವಿರ ಆಗಬೇಕು. ಪೇಟೆ ದರ ಸುಮಾರು 30, ಅದಕ್ಕೆ ಹದಿನಾರು ಸಾವಿರ ದಾಟಬೇಕು. ಸ್ಲಿಪ್ ಯಾವುದಕ್ಕೂ ಕೂಡದು. ಕಾರಣ ಇಷ್ಟೇ: 1992ರ ಮಾರ್ಚ್‌ನಿಂದ ಒಂದು ವರ್ಷ ಎರಡು ದರ ಒಟ್ಟಿಗೆ ನಡೆಯುತ್ತಿದ್ದವು. ಬಂದ ಡಾಲರಿನ ನೂರರಲ್ಲಿ 40 ಪಾಲಿಗೆ ಅಧಿಕೃತ ದರ, 60 ಪಾಲಿಗೆ ಪೇಟೆ ದರ. 26ರ 40 ಪಾಲು 10.40, 30ರ 60 ಪಾಲು 18, ಕೂಡಿದರೆ 28.40. ಅದರಿಂದ ಲೆಕ್ಕ ಹಾಕಿದೆ. 15,477. ಬ್ಯಾಂಕಿನ ಕಮಿಷನ್ ಕಳೆದರೆ ಸ್ಲಿಪ್ಪಿನ ಮೊತ್ತಕ್ಕೇ ಬಂದು ನಿಂತಿತು. ಆ ರಾತ್ರಿ ಹನ್ನೊಂದಾಗಿತ್ತು, ಆದರೂ ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದೆ.

ಕೆಲವು ಸಾಲುಗಳ ಪಕ್ಕ ಪೆನ್ಸಿಲಿನಲ್ಲಿ ಚುಕ್ಕೆ ಇತ್ತು. ಅವಕ್ಕೆ ಸ್ಲಿಪ್ ಒಂದೂ ಇಲ್ಲ. ದೊಡ್ಡಮ್ಮನನ್ನು ಕೇಳಿದರೆ, "ಅದು ಊರಿಗೆ ಬರುವವರ ಕೈಯಲ್ಲಿ ಕಳಿಸಿದ್ದು" ಅಂದರು. ಕೈಯಿಂದ ಕೈಗೆ ಬಂದ ದುಡ್ಡಿಗೆ ಯಾವ ಪಟ್ಟಿಯೂ ಇಲ್ಲ. ಅವಕ್ಕೆ ಆ ತಿಂಗಳ ಬ್ಯಾಂಕ್ ದರವನ್ನೇ ಹಾಕಿ, ಅಂದಾಜು ಅಂತ ಪಕ್ಕದಲ್ಲೇ ಬರೆದಿಟ್ಟೆ.

ಪಟ್ಟಿ ಮುಗಿಸಿ ದೊಡ್ಡಮ್ಮನಿಗೆ ತೋರಿಸಿದೆ. ಅವರು ಕೊನೆಯ ಮೊತ್ತವನ್ನು ನೋಡಲೇ ಇಲ್ಲ. ಬೆರಳಿಟ್ಟುಕೊಂಡು ಒಂದೊಂದೇ ಸಾಲು ಇಳಿಯುತ್ತಾ ಬಂದು 1991ರ ಜುಲೈ ಹತ್ತಿರ ನಿಂತರು. "ಇದು ಬಾವಿ ತೋಡಿಸಿದ ದುಡ್ಡು. ಎರಡು ಸಾವಿರ ಜಾಸ್ತಿ ಬಂತು, ಅದರಲ್ಲಿ ಕಟ್ಟೆಯೂ ಆಯಿತು" ಅಂದರು. ಆ ಸಾಲಿನ ಪಕ್ಕ ನಾನು ಬಾವಿ, ಕಟ್ಟೆ ಅಂತ ಬರೆದೆ. ಅವರು ಮುಂದಿನ ಸಾಲಿಗೆ ಬೆರಳಿಟ್ಟರು.