ಮೇಲಿನ ಮೂಲೆ, ಕೆಳಗಿನ ಮೂಲೆ

ಕಪಾಟು ಖಾಲಿ ಮಾಡುವಾಗ ಕೀರಾ ಕ್ಯಾಸ್ ಬರೆದ ‘ದ ಸೆಲೆಕ್ಷನ್’ ಕೈಗೆ ಸಿಕ್ಕಿತು. 16ನೇ ವಯಸ್ಸಿನಲ್ಲಿ ಒಂದೇ ರಾತ್ರಿ ಓದಿ ಮುಗಿಸಿದ್ದ ಪ್ರತಿ. ಯಾರಿಗಾದರೂ ಕೊಟ್ಟುಬಿಡೋಣ ಅಂತ ಪಕ್ಕಕ್ಕೆ ಇಟ್ಟಿದ್ದೆ. ಮೂಲೆ ಮಡಚಿದ ಪುಟಗಳು ಕಂಡವು. ಆಗ ಏನು ಅಷ್ಟು ಇಷ್ಟವಾಗಿತ್ತೋ ನೋಡೋಣ ಅಂತ ಸುಮ್ನೆ ತೆರೆದೆ. ಅಷ್ಟೇ, ಸಿಕ್ಕಿಹಾಕಿಕೊಂಡೆ.

ಮಡಚಿದ್ದು 11 ಪುಟ. ಅದರಲ್ಲಿ 9 ಕಡೆ ಇಬ್ಬರು ತೀರಾ ಹತ್ತಿರ ನಿಂತಿದ್ದಾರೆ. ಒಂದು ಕಡೆ ಗೌನಿನ ವರ್ಣನೆ. ಇನ್ನೊಂದನ್ನು ಯಾಕೆ ಮಡಚಿದ್ದೆನೋ ದೇವರೇ ಬಲ್ಲ.

ಓದದವರಿಗಾಗಿ ಕತೆ ಚುಟುಕಾಗಿ. ಪುಸ್ತಕ ಬಂದಿದ್ದು 2012ರಲ್ಲಿ. ಮುಂದೆಂದೋ ಒಂದು ಕಾಲದಲ್ಲಿ, ಅಮೆರಿಕ ಇದ್ದ ಜಾಗದಲ್ಲಿ ಇಲ್ಲೆಯಾ ಅನ್ನುವ ರಾಜ್ಯ. ಅಲ್ಲಿ 8 ಜಾತಿ, ಹೆಸರಿಲ್ಲ, ಬರೀ ನಂಬರ್. ರಾಜಮನೆತನದ್ದು ಒಂದನೇ ಜಾತಿ, ಮನೆಯಿಲ್ಲದವರದ್ದು ಎಂಟನೇದು. ರಾಜಕುಮಾರ ಮ್ಯಾಕ್ಸನ್‌ಗೆ ಹೆಂಡತಿಯನ್ನು ಆರಿಸಲು 35 ಹುಡುಗಿಯರನ್ನು ಅರಮನೆಗೆ ಕರೆಸುತ್ತಾರೆ. ಊರಿಗೆಲ್ಲ ಟೀವಿಯಲ್ಲಿ ತೋರಿಸುತ್ತಾರೆ. ನಾಯಕಿ ಅಮೆರಿಕಾ ಸಿಂಗರ್ ಐದನೇ ಜಾತಿಯವಳು, ಅಂದರೆ ಹಾಡುವವರು, ಚಿತ್ರ ಬರೆಯುವವರು. ಅವಳು ಗುಟ್ಟಾಗಿ ಪ್ರೀತಿಸುವ ಆಸ್ಪೆನ್ ಆರನೇ ಜಾತಿ, ಆಳುಕಾಳಿನ ಮನೆಯವನು.

ಮೊದಲ ಸಲ ಮರುಓದು ಕೆಟ್ಟುಹೋಯಿತು. ಮೂರು ಅಧ್ಯಾಯ ಬರೀ ಕೊಂಕು ತೆಗೆಯುತ್ತಾ ಓದಿದೆ. ನಾಯಕಿಯ ಹೆಸರಿಗೆ ನಕ್ಕೆ, ಅವಳಿಗೆ ತಾನು ಚೆಂದ ಇದ್ದೇನೆ ಅಂತಲೇ ಗೊತ್ತಿಲ್ಲದ್ದಕ್ಕೆ ನಕ್ಕೆ. ನಾನು ಈಗ ಎಷ್ಟು ಜಾಣೆ ಅಂತ ನನಗೇ ತೋರಿಸಿಕೊಳ್ಳುತ್ತಿದ್ದೆ, ಅಷ್ಟೇ. ಮುಚ್ಚಿಟ್ಟೆ.

ಒಂದು ವಾರ ಬಿಟ್ಟು ಮತ್ತೆ ಶುರು ಮಾಡಿದೆ. ಈ ಸಲ ದಿನಕ್ಕೆ ಮೂರೇ ಅಧ್ಯಾಯ. ಹಳೆಯ ಮಡಿಕೆಗಳೆಲ್ಲ ಮೇಲಿನ ಮೂಲೆಯಲ್ಲಿದ್ದವು, ಹೊಸದಾಗಿ ಕಣ್ಣಿಗೆ ಬಿದ್ದ ಪುಟಕ್ಕೆ ಕೆಳಗಿನ ಮೂಲೆ ಮಡಚುತ್ತಾ ಹೋದೆ. ಪುಸ್ತಕ ಹಾಳು ಮಾಡ್ತೀಯ ಅಂತ ಬೈಯುವವರು ಬೈಯಲಿ. ಪೆನ್ಸಿಲ್ ಹಿಡಿದು ಕೂತರೆ ನನಗೆ ಪರೀಕ್ಷೆಗೆ ಓದಿದ ಹಾಗೆ ಆಗುತ್ತದೆ.

ಕೆಳಗಿನ ಮೊದಲ ಮಡಿಕೆ ಬಿದ್ದಿದ್ದು ಮರದ ಮೇಲಿನ ಗೂಡಿನಲ್ಲಿ. ಅಮೆರಿಕಾ ರಾತ್ರಿ ಕದ್ದು ಆಸ್ಪೆನ್‌ಗೆ ಊಟ ತರುತ್ತಾಳೆ. ಅವಳು ಹಾಡಿದರೆ ಅವನು ಒಂದು ಪೆನ್ನಿ ಕೊಡುತ್ತಾನೆ, ಅವಳು ಅದನ್ನು ಜಾಡಿಯಲ್ಲಿ ಕೂಡಿಡುತ್ತಾಳೆ. 16ರಲ್ಲಿ ನನಗೆ ಆ ಪೆನ್ನಿ ಮಾತ್ರ ಕಂಡಿತ್ತು. ಈಗ ಕಂಡಿದ್ದು ಹಸಿವು. ಆಮೇಲೆ ಒಂದು ರಾತ್ರಿ ಅವಳು ತಂದ ಭರ್ಜರಿ ಊಟ ನೋಡಿಯೇ ಆಸ್ಪೆನ್ ಸಿಟ್ಟಾಗುತ್ತಾನೆ, ನಿನ್ನನ್ನು ಸಾಕಬೇಕಾದವನು ನಾನು ಅನ್ನುತ್ತಾನೆ, ಸಂಬಂಧವನ್ನೇ ಮುರಿಯುತ್ತಾನೆ. ಆಗ ಅವನಿಗಾಗಿ ಅತ್ತಿದ್ದೆ. ಈಗ ಅವನ ಕಪಾಳಕ್ಕೊಂದು ಕೊಡಬೇಕು ಅನ್ನಿಸಿತು. ಎರಡು ಪುಟ ಬಿಟ್ಟು, ಪಾಪ ಅಂತಲೂ ಅನ್ನಿಸಿತು.

ಅಲ್ಲಿಂದ ಮುಂದೆ ದುಡ್ಡು ಮತ್ತು ಊಟ ಎಲ್ಲೆಲ್ಲಿ ಬರುತ್ತದೆ ಅಂತ ನೋಡತೊಡಗಿದೆ. ಎಲ್ಲ ಕಡೆ ಇದೆ. ಅರ್ಜಿ ಹಾಕಿದರೆ ನಿನ್ನ ಗಳಿಕೆಯಲ್ಲಿ ಅರ್ಧ ನೀನೇ ಇಟ್ಟುಕೋ ಅಂತ ಅಮ್ಮ ಆಸೆ ತೋರಿಸುತ್ತಾಳೆ. ಮಗಳು ಅರಮನೆಯಲ್ಲಿ ಇರುವಷ್ಟು ದಿನ ಮನೆಗೆ ಹಣ ಬರುತ್ತದೆ. ಆಸ್ಪೆನ್‌ನ ಪುಟ್ಟ ತಮ್ಮ ತಿನ್ನುವುದಕ್ಕೆ ಕದ್ದು ಎಲ್ಲರೆದುರು ಚಾಟಿ ಏಟು ತಿನ್ನುತ್ತಾನೆ. ಇಂಥ ಪುಟಗಳನ್ನು ಆಗ ಗೌನು ಯಾವಾಗ ಬರುತ್ತೆ ಅಂತ ಹಾರಿಸಿಕೊಂಡು ಹೋಗಿರಬೇಕು ನಾನು.

ಓದು ನಿಂತುಹೋಗಿದ್ದು ಮಾತ್ರ ಬೇರೆ ಕಡೆ. ಹೊರಡುವ ಮುಂಚೆ ಒಬ್ಬ ಅಧಿಕಾರಿ ಮನೆಗೆ ಬಂದು ನಿಯಮ ಓದುತ್ತಾನೆ. ನೀನಾಗಿ ಬಿಟ್ಟು ಬರುವಂತಿಲ್ಲ, ರಾಜಕುಮಾರನೇ ಕಳಿಸಬೇಕು. ಅವನು ಏನು ಕೇಳಿದರೂ ಇಲ್ಲ ಅನ್ನುವಂತಿಲ್ಲ. ಏನು ಕೇಳಿದರೂ! ಮುಂದೆ ತೋಟದಲ್ಲಿ ಮ್ಯಾಕ್ಸನ್ ಆಡಿದ ಒಂದು ಮಾತನ್ನು ಅಮೆರಿಕಾ ತಪ್ಪು ತಿಳಿದು ಮೊಣಕಾಲಿನಿಂದ ಗುದ್ದುತ್ತಾಳೆ. ತೊಡೆಗೆ ಬೀಳುತ್ತದೆ. ಆ ಪುಟಕ್ಕೆ ನನ್ನ ಹಳೆಯ ಮಡಿಕೆ ಇತ್ತು, ಬಿದ್ದು ಬಿದ್ದು ನಕ್ಕಿದ್ದು ನೆನಪಿದೆ. ಈ ಸಲ ನಗು ಬರಲಿಲ್ಲ. ಆ ನಿಯಮ ಕೇಳಿಸಿಕೊಂಡು ಬಂದ ಹುಡುಗಿ ಇನ್ನೇನು ತಿಳಿದುಕೊಂಡಾಳು? ಮ್ಯಾಕ್ಸನ್ ಒಳ್ಳೆಯವನು, ಅದಕ್ಕೆ ಅವಳು ಬಚಾವಾದಳು. ಅವಳನ್ನು ಕಾಯಲು ಅವನ ಒಳ್ಳೆಯತನ ಬಿಟ್ಟರೆ ಬೇರೇನೂ ಇರಲಿಲ್ಲ. ಲೇಖಕಿ ಇದನ್ನು ಬೇಕಂತಲೇ ಹೀಗೆ ಇಟ್ಟರೋ ಇಲ್ಲವೋ, ಪುಸ್ತಕದಲ್ಲಂತೂ ಇದೆ. ಆ ಪುಟಕ್ಕೆ ಈಗ ಎರಡೂ ಮೂಲೆ ಮಡಚಿದೆ.

ಆನಾ ಫಾರ್ಮರ್ ಅನ್ನುವ ಹುಡುಗಿ ನಿಮಗೆ ನೆನಪಿದ್ದಾಳಾ? ನನಗೆ ಹೆಸರೂ ಮರೆತಿತ್ತು. ನಾಲ್ಕನೇ ಜಾತಿ. ರೂಪದರ್ಶಿ ಸೆಲೆಸ್ಟ್ ಕೆಣಕಿದಳು ಅಂತ ಕೆನ್ನೆಗೆ ಬಾರಿಸುತ್ತಾಳೆ, ಕೂಡಲೇ ಮನೆಗೆ ಹೋಗುತ್ತಾಳೆ. ಕೆಣಕಿದವಳು ಉಳಿಯುತ್ತಾಳೆ. ಕತೆಯನ್ನು ಅಮೆರಿಕಾ ಒಬ್ಬಳೇ ಹೇಳುವುದರಿಂದ ಉಳಿದ 34 ಜನರಲ್ಲಿ ಜಾಸ್ತಿ ಮಂದಿ ಇಷ್ಟರಲ್ಲೇ ಮುಗಿದುಹೋಗುತ್ತಾರೆ.

ಹಾಗಂತ ಪುಸ್ತಕ ಸಪ್ಪೆಯಾಯಿತಾ ಅಂದರೆ, ಇಲ್ಲ. ಅಳುವ ಹುಡುಗಿಯರ ಮುಂದೆ ಏನು ಮಾಡಬೇಕೋ ತಿಳಿಯದೆ ಒದ್ದಾಡುವ ಮ್ಯಾಕ್ಸನ್ ಈಗಲೂ ಇಷ್ಟ. ಸ್ಟ್ರಾಬೆರಿ ಟಾರ್ಟ್ ತಿನ್ನುತ್ತಾ ಅಮೆರಿಕಾ, ನನ್ನ ತಂಗಿ ಇದನ್ನು ತಿಂದರೆ ಅತ್ತೇಬಿಡುತ್ತಾಳೆ ಅನ್ನುತ್ತಾಳೆ. ಅಳುತ್ತಾಳಾ ನೋಡೋಣ ಅಂತ ಬಾಜಿ ಕಟ್ಟುತ್ತಾರೆ. ತಾನು ಗೆದ್ದರೆ ಪ್ಯಾಂಟ್ ಹಾಕಿಕೊಳ್ಳಲು ಬಿಡಬೇಕು ಅನ್ನುವುದು ಅವಳ ಷರತ್ತು. ಹಸಿವು, ಸಲಿಗೆ, ತಮಾಷೆ ಎಲ್ಲ ಒಂದೇ ಟಾರ್ಟ್‌ನಲ್ಲಿ! ಕಾರಣ ಗೊತ್ತಿಲ್ಲದೆ ಮಡಚಿದ್ದ ಆ ಹನ್ನೊಂದನೇ ಪುಟ ಇದೇ ಆಗಿತ್ತು. ಆ 16ರ ಹುಡುಗಿ ಪೂರ್ತಿ ದಡ್ಡಿಯೇನಲ್ಲ, ಅಲ್ವಾ?

ಇನ್ನೊಂದು ಮಾತು. ಮೂರನೇ ಭಾಗ ‘ದ ಒನ್’ ಓದಿಲ್ಲದಿದ್ದರೆ ಈ ಪ್ಯಾರಾ ಬಿಟ್ಟುಬಿಡಿ. ಆಸ್ಪೆನ್ ಕೊನೆಗೆ ಸೇರುವುದು ಅಮೆರಿಕಾಳ ಕೆಲಸದ ಹುಡುಗಿ ಲೂಸಿಯನ್ನು. ಆಗ ನನಗೆ ಇದು ಎಲ್ಲಿಂದಲೋ ತಂದು ಅಂಟಿಸಿದ ಹಾಗೆ ಕಂಡು ಸಿಟ್ಟು ಬಂದಿತ್ತು. ಈಗ ಮೊದಲ ಭಾಗದಲ್ಲೇ ಲೂಸಿಯನ್ನು ಗಮನಿಸಿದೆ. ಬಂಡುಕೋರರು ಅರಮನೆಗೆ ನುಗ್ಗಿದರೆ ಗಡಗಡ ನಡುಗುತ್ತಾಳೆ. ಆಸ್ಪೆನ್ ಅದೇ ಅರಮನೆಗೆ ಕಾವಲುಗಾರನಾಗಿ ಬರುತ್ತಾನೆ. ಅಮೆರಿಕಾಳ ಕಣ್ಣೆಲ್ಲ ಅವನ ಮೇಲೆ, ನನ್ನದೂ ಹಾಗೇ ಆಗಿತ್ತು. ಪಕ್ಕದಲ್ಲಿ ನಿಂತಿರುವವಳನ್ನು ಯಾರು ನೋಡುತ್ತಾರೆ?

ಕೊನೆಯಲ್ಲಿ ಎಣಿಸಿದೆ. ಕೆಳಗಿನ ಮಡಿಕೆ 19. ಪುಸ್ತಕ ಕೊಡುವ ಯೋಚನೆ ಬಿಟ್ಟೆ, ಇಷ್ಟು ಮಡಿಕೆ ಬಿದ್ದ ಪ್ರತಿ ಯಾರಿಗೆ ಬೇಕು. 6 ಹುಡುಗಿಯರು ಉಳಿದಲ್ಲಿಗೆ ಮೊದಲ ಭಾಗ ನಿಲ್ಲುತ್ತದೆ, ಯಾರನ್ನೂ ಆರಿಸಿರುವುದಿಲ್ಲ. ಎರಡನೇ ಭಾಗ ‘ದ ಎಲೀಟ್’ ಮೇಜಿನ ಮೇಲೆ ಬಂದು ಕೂತಿದೆ. ಅದರಲ್ಲಿ ಲೂಸಿ ಬಂದಾಗಲೆಲ್ಲ ಮೂಲೆ ಮಡಚುವುದು ಅಂತ ಇದ್ದೇನೆ.