ಅರಿವು ಕೇಂದ್ರದ ‘ಈ ದಿನ’ ಹಲಗೆ: ತಾರೀಕು ತಪ್ಪದಂತೆ ನಡೆಸುವ ಬಗೆ

ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರ ಗ್ರಂಥಾಲಯದಲ್ಲಿ, ‘ಈ ದಿನ’ ಎಂದು ಅದೇ ತಾರೀಕಿಗೆ ಹಿಂದೆ ನಡೆದ ಸಂಗತಿಗಳ ಐದು ಸಾಲು ಬರೆದು ಹಾಕಿದರೆ ಓದುವವರು ಬಹಳ. ಸಣ್ಣ ಹುಡುಗರು ವಹಿಯಲ್ಲಿ ಇಳಿಸಿಕೊಳ್ಳುತ್ತಾರೆ, ಪೊಲೀಸ್ ಕಾನ್‌ಸ್ಟೇಬಲ್ ಮತ್ತು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಕೂತವರು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ. ಅಲ್ಲೊಂದು ತಪ್ಪು ತಾರೀಕು ಬಿದ್ದರೆ ಸಂಜೆ ಹಲಗೆ ಒರೆಸಿದರೂ ಅದು ಅಳಿಯುವುದಿಲ್ಲ, ಹುಡುಗರ ವಹಿಯಲ್ಲಿ ಉಳಿದೇ ಬಿಡುತ್ತದೆ. ಬೆಳಗ್ಗೆ ವಾಟ್ಸಾಪಿಗೆ ಬಂದ ಪಟ್ಟಿಯನ್ನು ಇದ್ದಂತೆಯೇ ಹಲಗೆಗೆ ಏರಿಸುವುದರಿಂದಲೇ ಬಹುತೇಕ ತಪ್ಪುಗಳು ಹುಟ್ಟುತ್ತವೆ. ಆದ್ದರಿಂದ ಹಲಗೆಗಿಂತ ಮುಂಚೆ ವಹಿ ಆಗಬೇಕು.

ಮೊದಲು ವಹಿ

200 ಪುಟದ ಎರಡು ಉದ್ದ ವಹಿ ಸಾಕು. ಒಂದು ತಾರೀಕಿಗೆ ಒಂದು ಪುಟ. ಜನವರಿಯಿಂದ ಜೂನ್‌ವರೆಗೆ ಫೆಬ್ರುವರಿ 29 ಸೇರಿಸಿ 182 ಪುಟ, ಜುಲೈಯಿಂದ ಡಿಸೆಂಬರ್‌ವರೆಗೆ 184 ಪುಟ. ಫೆಬ್ರುವರಿ 29ರ ಪುಟವನ್ನು ಮರೆಯಬೇಡಿ. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರುವರಿ 29ರಂದು, ಅವರಿಗೆ ಬೇರೆ ಪುಟ ಸಿಗುವುದಿಲ್ಲ. ಮೊದಲ ವಹಿಯಲ್ಲಿ 18, ಎರಡನೆಯದರಲ್ಲಿ 16 ಪುಟ ಉಳಿಯುತ್ತವೆ. ಅವು ತಿಥಿಯಿಂದ ನಡೆಯುವ ದಿನಗಳಿಗೆ.

ಈ ತಿಥಿಯ ವಿಷಯದಲ್ಲಿ ನಮ್ಮ ಕಡೆ ಹೆಚ್ಚು ಎಚ್ಚರ ಬೇಕು. ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ, ಅಂದರೆ ಅಕ್ಷಯ ತೃತೀಯಕ್ಕೆ ಬರುತ್ತದೆ. 2024ರಲ್ಲಿ ಅದು ಮೇ 10, 2025ರಲ್ಲಿ ಏಪ್ರಿಲ್ 30. ಒಂದು ವರ್ಷ ನೋಡಿದ ತಾರೀಕನ್ನೇ ಕಾಯಂ ಪುಟದಲ್ಲಿ ಬರೆದಿಟ್ಟರೆ ಮರುವರ್ಷ ಬಸವನಬಾಗೇವಾಡಿಯವರ ಮುಂದೆಯೇ ತಪ್ಪು ದಿನ ಬಸವಣ್ಣನವರ ಜಯಂತಿ ಬರೆದಂತಾಗುತ್ತದೆ. ಕನಕ ಜಯಂತಿ, ವಾಲ್ಮೀಕಿ ಜಯಂತಿಗಳೂ ಹೀಗೇ. ಇವನ್ನು ಹಿಂದಿನ ಪುಟಗಳಲ್ಲಿ ತಿಥಿಯಾಗಿ ಬರೆದಿಟ್ಟು, ಯುಗಾದಿಗೆ ಹೊಸ ಪಂಚಾಂಗ ಬಂದಾಗ ಆ ವರ್ಷದ ತಾರೀಕನ್ನು ಪೆನ್ಸಿಲಿನಲ್ಲಿ ತುಂಬಿ.

ಪುಟಕ್ಕೆ ಐದು ಕಾಲಂ ಗೆರೆ ಎಳೆಯಿರಿ: ಇಸವಿ, ಏನಾಯಿತು, ಎಲ್ಲಿ, ಮೊದಲ ಆಧಾರ, ಎರಡನೇ ಆಧಾರ. ಒಂದೇ ಆಧಾರ ಸಿಕ್ಕದ್ದು ಪೆನ್ಸಿಲಿನಲ್ಲಿರಲಿ. ಎರಡೂ ಸಿಕ್ಕು ಹೊಂದಿದ ಮೇಲೆ ಮಸಿಯಲ್ಲಿ ಬರೆಯಿರಿ. ಮಸಿಯಲ್ಲಿದ್ದದ್ದು ಮಾತ್ರ ಹಲಗೆಗೆ ಹೋಗಬೇಕು. ಈ ಒಂದು ಕಟ್ಟಳೆ ಪಾಲಿಸಿದರೂ ಅರ್ಧ ತಪ್ಪು ನಿಲ್ಲುತ್ತವೆ.

ಆಧಾರ ಯಾವುದು?

ಎರಡು ವೆಬ್‌ಸೈಟ್ ಒಂದೇ ಮಾತು ಹೇಳಿದರೆ ಎರಡು ಆಧಾರವಾಗುವುದಿಲ್ಲ. ಒಂದು ಇನ್ನೊಂದನ್ನು ನಕಲು ಮಾಡಿರಬಹುದು. ವಿಕಿಪೀಡಿಯವನ್ನು ಬಾಗಿಲೆಂದು ತಿಳಿಯಿರಿ, ಅಲ್ಲಿಂದ ಒಳಗೆ ಹೋಗಿ ಮೂಲ ಹುಡುಕಿ. ಜಿಲ್ಲಾ ಗ್ಯಾಸೆಟಿಯರ್, ಕನ್ನಡ ವಿಶ್ವಕೋಶ, ಮರುದಿನದ ಪತ್ರಿಕೆ, ವ್ಯಕ್ತಿಯ ಆತ್ಮಕಥೆ, ನ್ಯಾಯಾಲಯದ ತೀರ್ಪಿನ ಪ್ರತಿ, ಬಾಹ್ಯಾಕಾಶದ ಸಂಗತಿಯಾದರೆ ಇಸ್ರೊ ತಾನೇ ಪ್ರಕಟಿಸಿದ ವಿವರ, ಇವು ಗಟ್ಟಿ.

ಹುಟ್ಟಿದ ದಿನಗಳು ಘಟನೆಗಳಿಗಿಂತ ಹೆಚ್ಚು ಜಾರುತ್ತವೆ. ಯುದ್ಧವೋ ತೀರ್ಪೋ ನಡೆದರೆ ಅಂದೇ ಯಾರಾದರೂ ಬರೆದಿಡುತ್ತಾರೆ. ಮಗು ಹುಟ್ಟಿದ ದಿನ ಅದು ಮುಂದೆ ದೊಡ್ಡ ಮನುಷ್ಯನಾಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಲೆಕ್ಕ ಹಾಕಿ ಬರೆದ ಜೂನ್ 1 ಎಷ್ಟು ಮಂದಿಯ ಜನ್ಮದಿನವಾಗಿದೆ ಎಂಬುದು ನಿಮಗೂ ಗೊತ್ತು. ಆದ್ದರಿಂದ ಹಳೆಯ ತಲೆಮಾರಿನವರ ಜನ್ಮದಿನ ಜೂನ್ 1 ಎಂದು ಕಂಡರೆ ಮನೆಯವರನ್ನು ಕೇಳದೆ ಮಸಿ ಹಾಕಬೇಡಿ.

ಹೆಸರಾಂತವರ ಪುಟಗಳಲ್ಲೂ ಇದೇ ಪಾಡು. ಸಂಗೊಳ್ಳಿ ರಾಯಣ್ಣನ ಜನನ ಆಗಸ್ಟ್ 15 ಎಂದೇ ಎಲ್ಲೆಡೆ ಆಚರಣೆಯಿದೆ, ಆದರೆ ಇಸವಿ ಒಂದು ಕಡೆ 1796, ಇನ್ನೊಂದು ಕಡೆ 1798. ರಾಣಿ ಚೆನ್ನಮ್ಮನ ಜನ್ಮದಿನವನ್ನು ಕೆಲವರು ಅಕ್ಟೋಬರ್ 23 ಎಂದೂ ಕೆಲವರು ನವೆಂಬರ್ 14 ಎಂದೂ ಬರೆಯುತ್ತಾರೆ. ವಿಶ್ವೇಶ್ವರಯ್ಯನವರ ಸೆಪ್ಟೆಂಬರ್ 15ರ ಬಗ್ಗೆ ಜಗಳವಿಲ್ಲ. ಆದರೆ ಅನೇಕ ಪುಸ್ತಕಗಳು 1861 ಎಂದರೆ, ಅವರ ಜನ್ಮ ಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರಲ್ಲಿ. ಇಂಥಲ್ಲಿ ಗಟ್ಟಿಯಾದ ಭಾಗವನ್ನಷ್ಟೇ ಬರೆಯಬೇಕು. ಅಕ್ಟೋಬರ್ 23ಕ್ಕೆ ಚೆನ್ನಮ್ಮನ ಜನ್ಮದ ಮಾತು ಬಿಡಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಪಡೆ ಕಂಪನಿಯ ಸೈನ್ಯವನ್ನು ಸೋಲಿಸಿತು, ಕಲೆಕ್ಟರ್ ಥ್ಯಾಕರೆ ಸತ್ತ. ಇದರಲ್ಲಿ ಸಂಶಯವಿಲ್ಲ, ಕಿತ್ತೂರು ಉತ್ಸವ ಶುರುವಾಗುವುದೂ ಅದೇ ದಿನ. ರಾಯಣ್ಣನಿಗೆ ಜನವರಿ 26 ಇದೆ: 1831ರಲ್ಲಿ ಆತನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ಅಂದು. ಗಣರಾಜ್ಯೋತ್ಸವದ ದಿನ ಬೆಳಗಾವಿ ಜಿಲ್ಲೆಯ ಯಾವ ಹಲಗೆಯಲ್ಲೂ ಈ ಸಾಲು ತಪ್ಪಬಾರದು.

ಕ್ರಿಯಾಪದದ ಮೇಲೆ ಕಣ್ಣಿಡಿ

ಬಹಳ ಸಲ ತಾರೀಕು ಸರಿಯಿದ್ದು ಕ್ರಿಯಾಪದ ತಪ್ಪಾಗಿರುತ್ತದೆ. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು, ಜಾರಿಗೆ ಬಂದದ್ದು 1950ರ ಜನವರಿ 26ರಂದು. ಪಂಚಾಯ್ತಿಗಳ 73ನೇ ತಿದ್ದುಪಡಿ ಸಂಸತ್ತಿನಲ್ಲಿ ಪಾಸಾದದ್ದು 1992ರ ಡಿಸೆಂಬರಿನಲ್ಲಿ, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1993ರ ಏಪ್ರಿಲ್ 20ರಂದು, ಜಾರಿಯಾದದ್ದು ಏಪ್ರಿಲ್ 24ರಂದು. ಹಬಲ್ ದೂರದರ್ಶಕ 1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆಯಲ್ಲಿ ಹೊರಟಿತು, ನೌಕೆಯಿಂದ ಬಿಡುಗಡೆಯಾಗಿ ಕಕ್ಷೆಗೆ ಸೇರಿದ್ದು ಮರುದಿನ. ‘ಆಯಿತು’, ‘ಬಂತು’ ಎಂದು ಮೊಟಕಾಗಿ ಬರೆಯುವ ಬದಲು ಹೊರಟಿತೋ, ಸೇರಿತೋ, ಅಂಗೀಕಾರವೋ, ಜಾರಿಯೋ ಎಂದು ಬಿಡಿಸಿ ಬರೆಯಿರಿ.

ಊರ ಹೆಸರಿಗೂ ಇಷ್ಟೇ ಎಚ್ಚರ ಬೇಕು. ಉಪರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರ ಹುಟ್ಟೂರು ಸಾವಳಗಿ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಆದರೆ ಬಾಗಲಕೋಟೆ ಬೇರೆ ಜಿಲ್ಲೆಯಾದದ್ದೇ 1997ರಲ್ಲಿ, ಅವರು ಹುಟ್ಟುವ ಕಾಲಕ್ಕೆ ಅದು ಜಮಖಂಡಿ ಸಂಸ್ಥಾನ. ‘ಇಂದಿನ ಬಾಗಲಕೋಟೆ ಜಿಲ್ಲೆಯ ಸಾವಳಗಿ’ ಎಂದರೆ ಸರಿಹೋಗುತ್ತದೆ.

ವಾರ ಹಚ್ಚಿ ನೋಡುವ ಲೆಕ್ಕ

ಆಧಾರದಲ್ಲಿ ತಾರೀಕಿನ ಜೊತೆ ವಾರವೂ ಇದ್ದರೆ ಅದನ್ನು ಒರೆಗೆ ಹಚ್ಚಬಹುದು. ಹನ್ನೆರಡು ತಿಂಗಳಿಗೆ ಹನ್ನೆರಡು ಅಂಕಿ: 144, 025, 036, 146. ನೆನಪಿಡುವುದು ಸುಲಭ. 12ರ ವರ್ಗ, 5ರ ವರ್ಗ, 6ರ ವರ್ಗ, ಮತ್ತೆ 12ರ ವರ್ಗಕ್ಕೆ ಎರಡು ಹೆಚ್ಚು. ಅಂದರೆ ಜನವರಿಗೆ 1, ಫೆಬ್ರುವರಿಗೆ 4, ಮಾರ್ಚಿಗೆ 4, ಏಪ್ರಿಲಿಗೆ 0, ಹೀಗೆ. ಇಸವಿಯ ಕೊನೆಯ ಎರಡು ಅಂಕಿ, ಅದನ್ನು 4ರಿಂದ ಭಾಗಿಸಿದ ಭಾಗಲಬ್ಧ (ಶೇಷ ಬಿಡಿ), ತಾರೀಕು, ತಿಂಗಳ ಅಂಕಿ, ನಾಲ್ಕನ್ನೂ ಕೂಡಿಸಿ 7ರಿಂದ ಭಾಗಿಸಿ. ಶೇಷ 1 ಬಂದರೆ ರವಿವಾರ, 2 ಸೋಮವಾರ, ಕೊನೆಗೆ 0 ಬಂದರೆ ಶನಿವಾರ.

1973ರ ಏಪ್ರಿಲ್ 24 ತೆಗೆದುಕೊಳ್ಳಿ: 73 + 18 + 24 + 0 = 115. 7ರಿಂದ ಭಾಗಿಸಿದರೆ ಶೇಷ 3, ಮಂಗಳವಾರ. ಇದು 1900ರಿಂದ 1999ರವರೆಗಿನ ಲೆಕ್ಕ. 1800ರ ಶತಮಾನಕ್ಕೆ ಮೊತ್ತಕ್ಕೆ 2 ಕೂಡಿಸಿ, 2000ದ ನಂತರದ್ದಕ್ಕೆ 1 ಕಳೆಯಿರಿ. ಅಧಿಕ ವರ್ಷದ ಜನವರಿ, ಫೆಬ್ರುವರಿಗೆ ಇನ್ನೊಂದು ಕಳೆಯಿರಿ, ಎಲ್ಲರೂ ಎಡವುವುದು ಇಲ್ಲಿಯೇ. ಕಿತ್ತೂರಿನ 1824ರ ಅಕ್ಟೋಬರ್ 23: 24 + 6 + 23 + 1 + 2 = 56, ಶೇಷ 0, ಶನಿವಾರ. ವಾರ ಹೊಂದಿದರೆ ತಾರೀಕು ಖಾತ್ರಿ ಎಂದಲ್ಲ. ಹೊಂದದಿದ್ದರೆ ಮಾತ್ರ ಎರಡರಲ್ಲಿ ಒಂದು ತಪ್ಪೆಂಬುದು ಖಾತ್ರಿ, ಆ ಸಾಲು ಪೆನ್ಸಿಲಿಗೆ ವಾಪಸ್.

ಈ ಲೆಕ್ಕ ಬಹಳ ಹಳೆಯ ತಾರೀಕುಗಳಿಗೆ ನಡೆಯುವುದಿಲ್ಲ. ಇಂದಿನ ಗ್ರೆಗೋರಿಯನ್ ಕ್ಯಾಲೆಂಡರ್ ಶುರುವಾದದ್ದು 1582ರಲ್ಲಿ, ಇಂಗ್ಲೆಂಡ್ ಒಪ್ಪಿಕೊಂಡದ್ದು 1752ರಲ್ಲಿ. ತಾಳಿಕೋಟೆ ಯುದ್ಧಕ್ಕೆ ಹೇಳುವ 1565ರ ಜನವರಿ 23 ಹಳೆಯ ಜೂಲಿಯನ್ ಲೆಕ್ಕದ್ದು. ನೇತಾಜಿ ಹುಟ್ಟಿದ 1897ರ ಜನವರಿ 23 ಹೊಸ ಲೆಕ್ಕದ್ದು. ಎರಡನ್ನೂ ಒಂದೇ ಹಲಗೆಯಲ್ಲಿ ಬರೆಯಬಹುದು, ಯುದ್ಧದ ಮುಂದೆ ‘ಹಳೆಯ ಕ್ಯಾಲೆಂಡರ್’ ಎಂದು ಸೇರಿಸಿ. ದೇಶ ಬದಲಾದರೆ ಗಡಿಯಾರವೂ ತಾರೀಕು ಬದಲಿಸುತ್ತದೆ. ಚಂದ್ರನ ಮೇಲೆ ಮನುಷ್ಯರನ್ನು ಹೊತ್ತ ನೌಕೆ ಇಳಿದಾಗ ಅಮೆರಿಕದಲ್ಲಿ 1969ರ ಜುಲೈ 20, ನಮ್ಮಲ್ಲಿ ಜುಲೈ 21ರ ನಸುಕಿನ 1 ಗಂಟೆ 47 ನಿಮಿಷ.

ಐದು ಸಾಲು ಆರಿಸುವುದು

ಒಂದು ತಾರೀಕಿಗೆ ನೂರು ಸಂಗತಿ ಸಿಗುತ್ತವೆ. ಓದುವವರು ನಿಂತು ಓದುವುದು ಐದೇ. ಊರಿಗೆ ಹತ್ತಿರವಾದದ್ದು ಮೇಲೆ, ನಾಡಿನದು ನಡುವೆ, ಲೋಕದ್ದು ಕೆಳಗೆ ಇರಲಿ. ಇಸವಿಯ ಕ್ರಮದಲ್ಲಿ ಬರೆದರೆ ಎಲ್ಲಿಯದೋ ರಾಜನ ಸಂಗತಿ ಮೇಲೆ ಕೂರುತ್ತದೆ, ‘ನಮ್ಮ ಕಡೀದು ಏನೂ ಇಲ್ಲೇನ್ರೀ ಸರ್?’ ಎಂದು ಹುಡುಗರು ಕೇಳಿಯೇ ಕೇಳುತ್ತಾರೆ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಯವರು ವಹಿ ಶುರುಮಾಡುವಾಗ ಇವನ್ನು ಮೊದಲು ತುಂಬಬಹುದು. ಜನವರಿ 2, ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದ ದಿನ (2023). ಏಪ್ರಿಲ್ 8, ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಕುಮಾರ ಗಂಧರ್ವರ ಜನನ (1924). ಜುಲೈ 2, ವಿಜಯಪುರದಲ್ಲಿ ವಚನಗಳಿಗಾಗಿ ಬಾಳು ಸವೆಸಿದ ಫ.ಗು. ಹಳಕಟ್ಟಿಯವರ ಜನನ (1880). ಅಕ್ಟೋಬರ್ 11, ಬೆಳಗಾವಿಯ ಸುವರ್ಣ ವಿಧಾನಸೌಧದ ಉದ್ಘಾಟನೆ (2012). ನವೆಂಬರ್ 1, ಬೆಳಗಾವಿ, ವಿಜಯಪುರ ಹೆಸರುಗಳು ಅಧಿಕೃತವಾದದ್ದು (2014). ಅದೇ ನವೆಂಬರ್ 1ರ ಪುಟದಲ್ಲಿ 1973 ಎರಡು ಸಲ ಬರುತ್ತದೆ: ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ದಿನವೇ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದ್ದು. ಡಿಸೆಂಬರ್ 26, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ಶುರುವಾದ ದಿನ (1924).

ಏಪ್ರಿಲ್ 24ಕ್ಕೆ ಶಾಲೆಗೆ ಬೇಸಿಗೆ ರಜೆ, ಅರಿವು ಕೇಂದ್ರದಲ್ಲಿ ಹುಡುಗರು ತುಂಬಿರುತ್ತಾರೆ. ಆ ದಿನದ ಹಲಗೆ ಹೀಗಾಗುತ್ತದೆ:

ಈ ದಿನ: ಏಪ್ರಿಲ್ 24
1993: ಪಂಚಾಯ್ತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಜಾರಿ
1929: ಗಾಜನೂರಿನಲ್ಲಿ ಡಾ. ರಾಜ್‌ಕುಮಾರ್ ಜನನ
1973: ಎಡನೀರು ಮಠದ ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು
1973: ಮುಂಬೈಯಲ್ಲಿ ಸಚಿನ್ ತೆಂಡೂಲ್ಕರ್ ಜನನ
1990: ಹಬಲ್ ದೂರದರ್ಶಕ ಬಾಹ್ಯಾಕಾಶಕ್ಕೆ ಹೊರಟಿತು

ಪಂಚಾಯ್ತಿ ಮೇಲಿರುವುದಕ್ಕೆ ಕಾರಣ ಹುಡುಗರು ಕೂತ ಕಟ್ಟಡವೇ ಪಂಚಾಯ್ತಿಯದು. ಈ ಹಲಗೆಯ ಜೀವ ಇರುವುದು ನಡುವಿನ ಎರಡು 1973ರಲ್ಲಿ. ತೀರ್ಪು ಬಂದ ಮಂಗಳವಾರವೇ ಸಚಿನ್ ಹುಟ್ಟಿದ್ದು. ಕಾಸರಗೋಡಿನ ಕನ್ನಡದ ಮಠವೊಂದರ ಸ್ವಾಮೀಜಿ ಹಾಕಿದ ದಾವೆಯಲ್ಲಿ 13 ನ್ಯಾಯಮೂರ್ತಿಗಳು ಕೂತು, 68 ದಿನ ವಾದ ಕೇಳಿ, 7ಕ್ಕೆ 6ರಂತೆ ತೀರ್ಪು ಕೊಟ್ಟರು: ಸಂಸತ್ತು ತಿದ್ದುಪಡಿ ಮಾಡಬಹುದು, ಸಂವಿಧಾನದ ಮೂಲ ಸ್ವರೂಪ ಕೆಡಿಸುವಂತಿಲ್ಲ. ಸಚಿನ್ ಹೆಸರು ನೋಡಿ ಹತ್ತಿರ ಬಂದ ಹುಡುಗನಿಗೆ ಮೇಲಿನ ಸಾಲು ಏನೆಂದು ಹೇಳಿಕೊಡಲು ಎರಡು ನಿಮಿಷ ತೆಗೆದಿಡಿ.

ತೀರಿಕೊಂಡವರ ಹೆಸರಿಗೆ ‘ಹುಟ್ಟುಹಬ್ಬದ ಶುಭಾಶಯಗಳು’ ಬರೆಯಬೇಡಿ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡರು. ‘ಜನನ’ ಎಂಬ ಪದ ಇದ್ದವರಿಗೂ ಇಲ್ಲದವರಿಗೂ ಸಲ್ಲುತ್ತದೆ. ‘ಎಷ್ಟನೇ ಜನ್ಮದಿನ’ ಎಂಬ ಲೆಕ್ಕದಲ್ಲಿ ಒಂದು ಹೆಚ್ಚುಕಮ್ಮಿ ಆಗಿಯೇ ತೀರುತ್ತದೆ, ‘ಹುಟ್ಟಿ ಇಷ್ಟು ವರ್ಷ ತುಂಬಿತು’ ಎನ್ನಿ.

ಹಲಗೆ, ಖಡು (ಸೀಮೆಸುಣ್ಣ)

4 ಅಡಿ ಅಗಲ, 3 ಅಡಿ ಎತ್ತರದ ಹಲಗೆಗೆ ಮೇಲೆ 2 ಇಂಚು ಬಿಟ್ಟು, 5 ಇಂಚು ತಲೆಬರಹಕ್ಕೆ ಇಡಿ. ಅದರ ಕೆಳಗೆ ಎರಡೂವರೆ ಇಂಚಿಗೊಂದರಂತೆ ಹತ್ತು ಗೆರೆ, ಸಂಗತಿಗೆ ಎರಡು ಗೆರೆ ಮೀರಬಾರದು. ಅಕ್ಷರ ಒಂದೂವರೆ ಇಂಚಿರಲಿ. ಉಳಿದ ಒಂದು ಇಂಚು ವ್ಯರ್ಥವಲ್ಲ, ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಒತ್ತು ಇಳಿಯುವುದು ಅಲ್ಲಿಗೇ. ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ಎರಡೂ ಓದಲಾಗುವುದಿಲ್ಲ. ಗೆರೆ ಎಳೆಯಲು ನೂಲಿಗೆ ಖಡುವಿನ ಪುಡಿ ಸವರಿ, ಇಬ್ಬರು ಎರಡು ತುದಿ ಬಿಗಿಯಾಗಿ ಹಿಡಿದು ನಡುವೆ ಮಿಡಿದರೆ ತೆಳುವಾದ ನೆಟ್ಟನೆ ಗೆರೆ ಮೂಡುತ್ತದೆ.

ಜನ ಹಾಯುವ ಪಡಸಾಲೆಯಲ್ಲಿ ಮಧ್ಯಾಹ್ನದೊಳಗೆ ಅಕ್ಷರ ಅಳಿಸಿಹೋಗುತ್ತವೆ. ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ ಕರಗಿಸಿ, ಖಡುವನ್ನು ಹತ್ತು ನಿಮಿಷ ನೆನೆಸಿ ಹಸಿಯಿದ್ದಾಗಲೇ ಬರೆಯಿರಿ. ಬರೆಯುವಾಗ ಮಸುಕಾಗಿ ಕಂಡರೂ ಆರಿದ ಮೇಲೆ ಬೆಳ್ಳಗಾಗುತ್ತದೆ, ತೋಳು ತಾಗಿದರೆ ಅಳಿಯುವುದಿಲ್ಲ. ಒರೆಸಲು ಡಸ್ಟರ್ ಸಾಲದು, ಒದ್ದೆ ಅರಿವೆ ಬೇಕು. ಸಕ್ಕರೆ ಹೆಚ್ಚಾದರೆ ಇರುವೆ ಹತ್ತುತ್ತವೆ.

ತಪ್ಪು ಸಿಕ್ಕಾಗ ಸದ್ದಿಲ್ಲದೆ ಒರೆಸಬೇಡಿ. ಮರುದಿನದ ಹಲಗೆಯ ಬುಡದಲ್ಲಿ ‘ನಿನ್ನೆಯ ತಿದ್ದುಪಡಿ’ ಎಂದು ತಪ್ಪನ್ನೂ ಸರಿಯನ್ನೂ ಒಂದೇ ಗೆರೆಯಲ್ಲಿ ಬರೆಯಿರಿ, ವಹಿಯ ಪುಟದಲ್ಲಿ ಹಳೆಯ ಸಾಲನ್ನು ಕಾಣುವಂತೆ ಹೊಡೆದು ಪಕ್ಕದಲ್ಲಿ ತಿದ್ದಿದ ದಿನ ಹಾಕಿ. ಆ ತಪ್ಪನ್ನು ತೋರಿಸಿಕೊಟ್ಟದ್ದು ಹುಡುಗನೋ ಹುಡುಗಿಯೋ ಆಗಿದ್ದರೆ, ತಿದ್ದುಪಡಿಯ ಗೆರೆಯನ್ನು ಅವರ ಕೈಯಿಂದಲೇ ಬರೆಸಿ.