ಓಕ್ ಪೀಪಾಯಿಯ ಬಿಳಿ ವೈನ್: ಕೊಡಗಿನ ಮನೆಯಲ್ಲಿ ಇಡುವ, ಬಡಿಸುವ ಕ್ರಮ

ಓಕ್ ಪೀಪಾಯಿಯ ಬಿಳಿ ವೈನಾದ ಮೆರ್ಸೋ ಬಾಟಲಿಯನ್ನು ಬಿಯರಿನ ಹಾಗೆ ಕೊರೆಯುವಷ್ಟು ತಣ್ಣಗೆ ಮಾಡಿ ಕೊಟ್ಟರೆ ತೆತ್ತ ದುಡ್ಡೆಲ್ಲ ದಂಡ. ಪರಿಮಳ ಮೇಲೇಳುವುದೇ ಇಲ್ಲ, ಓಕ್ ಮರದ ಒಗರು ಮಾತ್ರ ನಾಲಿಗೆಗೆ ತಗಲುತ್ತದೆ. ಈ ಜಾತಿಯ ವೈನಿಗೆ ಬೇಕಾದ್ದು 11ರಿಂದ 13 ಡಿಗ್ರಿ ಸೆಲ್ಸಿಯಸ್. ಮನೆಯ ಫ್ರಿಜ್ಜಿನೊಳಗೆ ಇರುವುದು 4–5 ಡಿಗ್ರಿ.

ಮೆರ್ಸೋ ಫ್ರಾನ್ಸಿನ ಬರ್ಗಂಡಿ ಸೀಮೆಯ ಊರು. ಕೋಟ್ ದ ಬೋನ್ ಇಳಿಜಾರಿನಲ್ಲಿ ಅದರ ಪಕ್ಕಕ್ಕೇ ಪುಲಿನಿ-ಮೊಂರಾಶೆ. ನೆಲ ಸುಣ್ಣಕಲ್ಲಿನದು, ದ್ರಾಕ್ಷಿ ಶಾರ್ಡನೆ. ರಸವನ್ನು ಸಾಮಾನ್ಯವಾಗಿ 228 ಲೀಟರಿನ ಓಕ್ ಪೀಪಾಯಿಯಲ್ಲೇ ಹುದುಗಿಸಿ, ತಳ ಸೇರಿದ ಯೀಸ್ಟಿನ ಗಸಿಯ ಜೊತೆಗೇ ಒಂದು ವರ್ಷದಷ್ಟು ಬಿಡುತ್ತಾರೆ. ಹಸಿ ಸೇಬಿನಲ್ಲಿರುವಂಥ ಮ್ಯಾಲಿಕ್ ಆಮ್ಲ ಆಗ ಮೊಸರಿನ ಲ್ಯಾಕ್ಟಿಕ್ ಆಮ್ಲವಾಗಿ ಹುಳಿ ಮೆತ್ತಗಾಗುತ್ತದೆ. ಬೆಣ್ಣೆಯ ವಾಸನೆ ಹುಟ್ಟುವುದೂ ಆಗಲೇ. ವೆನಿಲಾ, ತೆಂಗು, ಸುಟ್ಟ ಬ್ರೆಡ್ಡಿನ ಪರಿಮಳ ಮರದ್ದು. ಮೂರು ನಾಲ್ಕು ಸಲ ತುಂಬಿ ತೆಗೆದ ಪೀಪಾಯಿಯಲ್ಲಿ ಅದು ಬಹುಪಾಲು ಇಳಿದಿರುತ್ತದೆ. ಬರ್ಗಂಡಿಯದೇ ಆದ ಶಾಬ್ಲಿ ಹೆಚ್ಚಾಗಿ ಸ್ಟೀಲ್ ಟ್ಯಾಂಕಿನ ವೈನ್, ಅದನ್ನು 8–10 ಡಿಗ್ರಿಗೇ ಬಡಿಸಬಹುದು.

ಫ್ರಿಜ್ಜಿನಲ್ಲಿಟ್ಟ ಬಾಟಲಿಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಹೊರಗಿಡಿ. ಮಳೆಗಾಲದಲ್ಲಿ ಮಡಿಕೇರಿಯ ಮನೆಯೊಳಗೇ ಚಳಿ ಇರುವುದರಿಂದ ಇನ್ನೂ ಹತ್ತು ನಿಮಿಷ ಹೆಚ್ಚು ಬೇಕು. ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆ ಇಪ್ಪತ್ತು ನಿಮಿಷ ಸಾಕು. ಕರೆಂಟು ಹೋಗಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು ಹಾಕಿ ಬಾಟಲಿಯನ್ನು ಕುತ್ತಿಗೆವರೆಗೆ ಮುಳುಗಿಸಿ, ಹತ್ತು ಹನ್ನೆರಡು ನಿಮಿಷಕ್ಕೆ ತೆಗೆಯಿರಿ. ಬರೀ ಐಸಾದರೆ ಸಂದುಗಳಲ್ಲಿ ಗಾಳಿ ನಿಂತು ತಡವಾಗುತ್ತದೆ. ಹೊಟ್ಟೆ ಅಗಲವಾದ ಗ್ಲಾಸಿಗೆ ಮೂರನೇ ಒಂದು ಭಾಗ, ಅಂದರೆ ಸುಮಾರು 120 ಮಿಲಿ ಸುರಿಯಿರಿ. 750 ಮಿಲಿ ಬಾಟಲಿ ಆರು ಜನಕ್ಕೆ ಬರುತ್ತದೆ.

ವರ್ಷಗಟ್ಟಲೆ ಇಡುವವರು ಬಾಟಲಿಯನ್ನು ಅಡ್ಡ ಮಲಗಿಸಿ, ಬಿಸಿಲು ಬೀಳದ ಕೋಣೆಯಲ್ಲಿಡಿ. ಒಲೆಯ ಮೇಲಿನ ಅಟ್ಟ ಬೇಡವೇ ಬೇಡ. ನಮ್ಮ ಮಳೆಗಾಲದ ತೇವ ಕಾರ್ಕಿಗೆ ಒಳ್ಳೆಯದೇ, ಆದರೆ ಲೇಬಲ್ಲಿಗೆ ಬೂಷ್ಟು ಹಿಡಿಸಿ ಇಸವಿಯನ್ನೇ ಅಳಿಸುತ್ತದೆ. ಜೂನ್‌ಗೆ ಮೊದಲೇ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಬಿಡಿ.

ಊಟದ ವಿಷಯದಲ್ಲಿ ದಾಕ್ಷಿಣ್ಯ ಬೇಡ: ಪಂದಿ ಕರಿಗೆ ಈ ವೈನ್ ಹೊಂದುವುದಿಲ್ಲ. ಕಚಂಪುಳಿಯ ಕಡು ಹುಳಿಯ ಮುಂದೆ ವೈನ್ ಸಪ್ಪೆಯಾಗುತ್ತದೆ, ಹುರಿದ ಕರಿಮೆಣಸಿನ ಘಾಟು ಓಕಿನ ಕಹಿಯನ್ನು ಎತ್ತಿ ತೋರಿಸುತ್ತದೆ. ತೆಂಗಿನಹಾಲಿನ ಕೋಳಿ ಸಾರನ್ನು ಖಾರ ಕಡಿಮೆ ಮಾಡಿ ನೂಪುಟ್ಟಿನ ಜೊತೆ ಬಡಿಸಿ ನೋಡಿ. ಓಕಿನಲ್ಲಿರುವ ಲ್ಯಾಕ್ಟೋನ್ ಕೂಡ ತೆಂಗಿನಂತೆಯೇ ಪರಿಮಳಿಸುವುದರಿಂದ ಎರಡೂ ಒಂದಕ್ಕೊಂದು ಒದಗುತ್ತವೆ. ಮಳೆ ಬಿದ್ದ ಮೇಲೆ ಸಿಗುವ ಅಣಬೆಯನ್ನು ಬೆಣ್ಣೆಯಲ್ಲಿ ಬಾಡಿಸಿ, ಉಪ್ಪು, ಚಿಟಿಕೆ ಮೆಣಸು ಹಾಕಿದರೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಕಾರ್ಕ್ ತೆಗೆದಾಗ ಕಡ್ಡಿ ಗೀರಿದ ವಾಸನೆ ಬಂದರೆ ಗಾಬರಿ ಬೇಡ. ಗಸಿಯ ಜೊತೆ ಗಾಳಿಯಾಡದೆ ಇದ್ದದ್ದರಿಂದ ಬರುವ ಗಂಧಕದ ವಾಸನೆ ಅದು. ಜಗ್ಗಿಗೆ ಸುರಿದು ಇಪ್ಪತ್ತು ನಿಮಿಷ ಬಿಟ್ಟರೆ ಸಾಮಾನ್ಯವಾಗಿ ತಗ್ಗುತ್ತದೆ. ಒದ್ದೆ ರಟ್ಟಿನ ವಾಸನೆಯಾದರೆ ಕಾರ್ಕಿನ ದೋಷ, ಅದಕ್ಕೆ ಮದ್ದಿಲ್ಲ. ವಯಸ್ಸಿಗೆ ಮೀರಿ ಕಡು ಹಳದಿಯಾಗಿ, ಕತ್ತರಿಸಿಟ್ಟು ಕಂದಿದ ಸೇಬಿನಂತೆ ಮೂಗಿಗೆ ಬಡಿದರೆ ಗಾಳಿ ತಗಲಿ ಅಕಾಲದಲ್ಲಿ ಮುದಿಯಾಗಿದೆ ಎಂದರ್ಥ. 1990ರ ದಶಕದ ನಡುವಿನ ಬೆಳೆಗಳಿಂದೀಚೆಗೆ ಬಿಳಿ ಬರ್ಗಂಡಿಯನ್ನು ಕಾಡುತ್ತಿರುವ ತೊಂದರೆಯಿದು. ಹಾಗಾಗಿ ಒಂದೇ ವರ್ಷದ ಹಲವು ಬಾಟಲಿಗಳಿದ್ದರೆ ಎಲ್ಲವನ್ನೂ ಕೂಡಿಡದೆ ನಡುನಡುವೆ ಒಂದನ್ನು ತೆರೆದು ನೋಡಿ. ತಳದಲ್ಲಿ ಗಾಜಿನ ಚೂರಿನಂತೆ ಕಾಣುವುದು ಬರೀ ಟಾರ್ಟರಿಕ್ ಹರಳು; ಕೊನೆಯ ಗುಟುಕನ್ನು ಬಾಟಲಿಯಲ್ಲೇ ಉಳಿಸಿದರೆ ಆಯಿತು.